ಕುಲಕಸುಬು ಕಳಚಿದ ಮೇಲೆ: ಕನ್ನಡ ನಾಡಿನ ಕ್ರೈಸ್ತ ಮಿಷನ್ನುಗಳ ದುಡಿಮೆಯ ದರ್ಶನ

ಕೋಲಾರ ತಾಲ್ಲೂಕಿನ ಸುಗಟೂರು ಇಂದು ಒಂದು ಹೋಬಳಿಯ ಹೆಸರು. ಚರಿತ್ರೆಯಲ್ಲಿ ಅದರ ವ್ಯಾಪ್ತಿ ಇದಕ್ಕಿಂತ ಹಿರಿದಾಗಿತ್ತು. ಆವತಿಯ ನಾಡಪ್ರಭುಗಳೊಡನೆ ವಲಸೆ ಬಂದ ಒಕ್ಕಲು ಮನೆತನವೆಂದು ಹೇಳಲಾಗುವ ಸುಗಟೂರಿನ ಗೌಡರು ವಿಜಯನಗರದ ಅರಸರಿಗೆ ಅಧೀನರಾಗಿ ಬೆಳೆದು, ಹೊಸಕೋಟೆ ಮತ್ತು ಕೋಲಾರದ ಸೀಮೆಯನ್ನು ಆಳಿದರು. ಹೊಸಕೋಟೆಯ ಕೋಟೆಗೆ ಸುಗಟೂರು ತಮ್ಮೇಗೌಡನ ಹೆಸರು ಇಂದಿಗೂ ಅಂಟಿಕೊಂಡಿದೆ. ಇನ್ನೂ ಹಿಂದಕ್ಕೆ ಸರಿದರೆ ಇದು ಗಂಗರ ಕುವಳಾಲಪುರದ ನೆರೆಯ ನೆಲ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗರಸರು ತಮ್ಮನ್ನು ‘ಕುವಳಾಲಪುರವರೇಶ್ವರ’ರೆಂದು ಕರೆದುಕೊಂಡರು. ಆ ರಾಜ್ಯದ ಸ್ಥಾಪನೆಯ ಹಿಂದೆ ಸಿಂಹನಂದ್ಯಾಚಾರ್ಯರ ಅನುಗ್ರಹವಿತ್ತೆಂಬ ಪರಂಪರೆಯನ್ನು ಜೈನ ಓದುಗರಿಗೆ ಮತ್ತೆ ನೆನಪಿಸಬೇಕಾಗಿಲ್ಲ.

ಇಂಥ ಹಳೆಯ ನಾಡಿನಲ್ಲಿ ಮನುಷ್ಯನ ದುಡಿಮೆಗೆ ಅರ್ಥವೇನು ಎಂಬುದು ಬಹುಕಾಲ ಒಂದು ಪ್ರಶ್ನೆಯಾಗಿ ಏಳಲಿಲ್ಲ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲೆ, ಪಂಚಾಂಗದವನು ಎಂದು ಹನ್ನೆರಡು ಆಯಗಾರರು. ಸುಗ್ಗಿಯ ಕಣದಲ್ಲಿ ಅವರವರ ಆಯ. ಕಮ್ಮಾರನ ಮಗ ಕುಲುಮೆಯ ಮುಂದೆ ಕುಳಿತದ್ದು ಆಯ್ಕೆಯಿಂದಲ್ಲ. ಕೆರೆಯ ತೂಬನ್ನು ಎತ್ತುವ ನೀರುಗಂಟಿ ‘ಈ ಕೆಲಸಕ್ಕೆ ನಾನೇ ಏಕೆ?’ ಎಂದು ಕೇಳಿಕೊಳ್ಳಬೇಕಾದ ಪ್ರಸಂಗವೇ ಇರಲಿಲ್ಲ. ಹುಟ್ಟು ಅದಕ್ಕೆ ಮೊದಲೇ ಉತ್ತರ ಕೊಟ್ಟಿತ್ತು. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಮಾತಿಗೆ ಹೊಸ ತೂಕವನ್ನು ಕೊಟ್ಟರೆಂಬುದು ನಿಜ. ಆದರೆ ಊರಿನ ಆಯದ ಲೆಕ್ಕದಲ್ಲಿ ಕಸುಬು ಕುಲದೊಡನೆಯೇ ಉಳಿಯಿತು. ಕುಲ ಮತ್ತು ಕಸುಬುಗಳ ನಂಟು ತುಂಡಾದವನಿಗೆ ಮಾತ್ರ ಈ ಪ್ರಶ್ನೆ ನಿಜವಾದ ಪ್ರಶ್ನೆಯಾಗುತ್ತದೆ. ಕೋಲಾರದ ಸೀಮೆಯಲ್ಲಿ ಆ ನಂಟನ್ನು ಕಡಿದದ್ದು ಧಾತು-ಈಶ್ವರ ಸಂವತ್ಸರಗಳ ಬರ.

1876ರಿಂದ 1878ರವರೆಗಿನ ಆ ಬರ ಮೈಸೂರು ಸಂಸ್ಥಾನವನ್ನು ಎಷ್ಟು ಬರಿದುಮಾಡಿತೆಂಬುದಕ್ಕೆ ಜನಗಣತಿಯ ಎರಡು ಅಂಕಿಗಳು ಸಾಕು. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಬಳಿಕ 1881ರಲ್ಲಿ ಅದು 41,86,188. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಮಳೆಯನ್ನೂ ಕೆರೆಯನ್ನೂ ನಂಬಿದ ಮೂಡಣ ಸೀಮೆಯ ಪಾಡು ಕಠೋರವಾಗಿತ್ತು. ಗಂಜಿಕೇಂದ್ರದ ಬಾಗಿಲಲ್ಲಿ ಉಳಿದ ಮಗುವಿಗೆ ಹಸಿವಷ್ಟೇ ಅಲ್ಲ, ಇನ್ನೊಂದು ನಷ್ಟವೂ ಇತ್ತು. ತಂದೆ ಸತ್ತಾಗ ಕುಲುಮೆ ಸತ್ತಿತ್ತು. ಮಗ್ಗ, ಹೊಲ, ಕಣದಲ್ಲಿನ ಆಯದ ಹಕ್ಕು, ಆ ಹಕ್ಕನ್ನು ಗುರುತಿಸುವ ನೆರೆಹೊರೆ ಎಲ್ಲವೂ ಹೋಗಿದ್ದವು. ಮಿಷನ್ನಿನ ಅನ್ನವನ್ನು ಉಂಡ ಮಗುವನ್ನು ಕುಲ ಮತ್ತೆ ಒಳಗೆ ಕರೆದುಕೊಳ್ಳುವುದೂ ಸುಲಭವಿರಲಿಲ್ಲ.

ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಆನ್‌ಸ್ಟೀ ಎಂಬ ಮಹಿಳೆ ಕೋಲಾರದಲ್ಲಿ ಅನಾಥಾಲಯವನ್ನು ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಮಕ್ಕಳಿಗೆ ಅನ್ನ, ಅಕ್ಷರ, ಬೈಬಲ್ಲು ಮೂರೂ ದೊರೆತವು. ಮೂರರಿಂದಲೂ ತೀರದ ಒಂದು ಸಮಸ್ಯೆ ಅವರು ಬೆಳೆದಂತೆ ಎದುರಾಯಿತು. ಹದಿನೆಂಟು ವರ್ಷ ತುಂಬಿದ ಹುಡುಗ ಮುಂದೇನು ಮಾಡಬೇಕು? ಊರಿನ ಆಯಗಾರಿಕೆಯಲ್ಲಿ ಅವನಿಗೆ ಜಾಗವಿಲ್ಲ. ಎಲ್ಲರೂ ಉಪದೇಶಿಗಳೋ ಮೇಷ್ಟರೋ ಆಗಲಾರರು. ಜಮೀನು ಕೊಂಡು ಒಕ್ಕಲು ಹೂಡಿಸುವುದು ಒಂದು ದಾರಿ, ಕೈಕೆಲಸ ಕಲಿಸುವುದು ಇನ್ನೊಂದು. 1890ರಲ್ಲಿ ಆನ್‌ಸ್ಟೀ ಅವರ ಕೆಲಸ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಗೆ ಹೋಯಿತು. ಆ ಮಿಷನ್ನು ಎರಡನೆಯ ದಾರಿಯನ್ನು ವಿಸ್ತರಿಸಿ ಕೋಲಾರದಲ್ಲಿ ಕೈಗಾರಿಕಾ ಶಾಲೆಯನ್ನು ಬೆಳೆಸಿತು; ಮರಗೆಲಸ, ಕಬ್ಬಿಣದ ಕೆಲಸಗಳು ಪಾಠದ ಭಾಗವಾದವು. ಅಲ್ಲಿದ್ದ ಪಾದ್ರಿ ಡಬ್ಲ್ಯು. ಎಚ್. ಹಾಲಿಸ್ಟರ್ ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. ಅದು ‘ಕೋಲಾರ ಮಿಷನ್ ನೇಗಿಲು’ ಎಂದೇ ಹೆಸರಾಯಿತು. ಬರದಲ್ಲಿ ಹೊಲ ಕಳೆದುಕೊಂಡವರ ಮಕ್ಕಳು ಪರರ ಹೊಲಕ್ಕೆ ನೇಗಿಲು ಮಾಡಿಕೊಟ್ಟರು.

ಪಾದ್ರಿಯೊಬ್ಬ ನೇಗಿಲು ಮಾಡಿಸುವುದು ನಮ್ಮವರ ಕಣ್ಣಿಗೆ ವಿಚಿತ್ರವಾಗಿ ಕಾಣುವುದು ಸಹಜ. ಗುರುವೆಂದರೆ ಲೌಕಿಕ ಕಸುಬನ್ನು ಬಿಟ್ಟವನು ಎಂಬುದು ಈ ದೇಶದ ರೂಢಿಯ ತಿಳಿವಳಿಕೆ. ಕ್ರೈಸ್ತರಲ್ಲಿ ಈ ಗೆರೆ ಬೇರೆಡೆ ಎಳೆದುಕೊಂಡಿದೆ. ಏಸು ಬಡಗಿಯ ಮನೆಯಲ್ಲಿ ಬೆಳೆದವನು. ಧರ್ಮಪ್ರಸಾರಕ್ಕಾಗಿ ಊರೂರು ಸುತ್ತಿದ ಪೌಲನು ಗುಡಾರ ಮಾಡುವ ಕಸುಬಿನಿಂದ ತನ್ನ ಅನ್ನವನ್ನು ತಾನೇ ಗಳಿಸಿದನು. ದುಡಿಯಲೊಲ್ಲದವನಿಗೆ ಉಣ್ಣುವ ಹಕ್ಕಿಲ್ಲವೆಂಬ ಅರ್ಥದ ಅವನ ಮಾತು ಪ್ರಸಿದ್ಧ. ಆರನೆಯ ಶತಮಾನದ ಬೆನೆಡಿಕ್ಟನ ಮಠಗಳಲ್ಲಿ ಪ್ರಾರ್ಥನೆಗೂ ಕೈದುಡಿಮೆಗೂ ದಿನದ ಗಳಿಗೆಗಳನ್ನು ಹಂಚಿಟ್ಟಿದ್ದರು. ಹೀಗಿದ್ದರೂ ಮಧ್ಯಯುಗದ ಯುರೋಪಿನಲ್ಲಿ ‘ದೇವರ ಕರೆ’ ಎಂಬ ಮಾತು ಸಂನ್ಯಾಸಿಗೂ ಪಾದ್ರಿಗೂ ಮೀಸಲಾಗಿತ್ತು. ಹದಿನಾರನೆಯ ಶತಮಾನದಲ್ಲಿ ಲೂಥರನು ಆ ಮೀಸಲನ್ನು ಒಡೆದನು. ಬೈಬಲ್ಲನ್ನು ಜರ್ಮನ್ ಭಾಷೆಗೆ ತರುವಾಗ ಅವನು ದೇವರ ಕರೆಗೂ ಮನುಷ್ಯನ ಕಸುಬಿಗೂ ‘ಬೆರೂಫ್’ ಎಂಬ ಒಂದೇ ಮಾತನ್ನು ಸಲ್ಲಿಸಿದನು. ಚಮ್ಮಾರ ಮೆಟ್ಟು ಹೊಲಿಯುವುದು, ತಾಯಿ ಮಗುವಿನ ಬಟ್ಟೆ ಒಗೆಯುವುದು ಸಂನ್ಯಾಸಿಯ ಜಪಕ್ಕಿಂತ ಕೀಳಲ್ಲ; ನೆರೆಯವನಿಗೆ ಉಪಕಾರವಾಗುವ ಪ್ರಾಮಾಣಿಕ ದುಡಿಮೆಯ ಮೂಲಕವೇ ದೇವರು ಲೋಕವನ್ನು ಪೊರೆಯುತ್ತಾನೆ ಎಂಬುದು ಅವನ ಬೋಧನೆಯ ಸಾರ. ದುಡಿಮೆಯಿಂದ ಮೋಕ್ಷ ದೊರೆಯುತ್ತದೆಂದು ಅವನು ಹೇಳಲಿಲ್ಲ ಎಂಬುದನ್ನು ಒತ್ತಿಹೇಳಬೇಕು. ಮೋಕ್ಷ ದೇವರ ಕೃಪೆ. ದುಡಿಮೆ ನೆರೆಯವನ ಪಾಲಿನದು. ಕ್ರೈಸ್ತ ಕಸುಬಿನ ವಿಚಾರವನ್ನು ಕಾಯಕದೊಡನೆ ಅವಸರದಲ್ಲಿ ಸಮೀಕರಿಸುವವರು ಈ ಅಂತರವನ್ನು ಕಡೆಗಣಿಸುತ್ತಾರೆ.

ಜೈನ ಪುರಾಣದಲ್ಲಿಯೂ ದುಡಿಮೆಗೆ ಒಂದು ಆದಿಕಥೆ ಇದೆ. ಭೋಗಭೂಮಿಯ ಕಾಲ ಮುಗಿದು ಕಲ್ಪವೃಕ್ಷಗಳು ಇಲ್ಲವಾದಾಗ, ಬದುಕುವ ಬಗೆ ತಿಳಿಯದೆ ಕಂಗೆಟ್ಟ ಪ್ರಜೆಗಳಿಗೆ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಕಲಿಸಿದನು. ಜಿನಸೇನಾಚಾರ್ಯರ ಪುರಾಣದಿಂದ ಪಂಪನ ಆದಿಪುರಾಣಕ್ಕೆ ಇಳಿದುಬಂದ ಈ ಕಥೆ ಏದೆನ್ ತೋಟದ ಕಥೆಯನ್ನು ಹೋಲುತ್ತದೆ, ಹೋಲುವುದೂ ಇಲ್ಲ. ಏದೆನಿನಿಂದ ಹೊರಬಿದ್ದ ಆದಾಮನಿಗೆ ಬೆವರಿನ ಅನ್ನ ಶಿಕ್ಷೆಯಾಗಿ ಬಂದಿತು. ಆದರೆ ತೋಟವನ್ನು ವ್ಯವಸಾಯ ಮಾಡಿ ಕಾಯುವ ಕೆಲಸ ಪಾಪಕ್ಕೂ ಮೊದಲೇ ಅವನಿಗೆ ಒಪ್ಪಿಸಲ್ಪಟ್ಟಿತ್ತೆಂದು ಕ್ರೈಸ್ತ ವ್ಯಾಖ್ಯಾನಕಾರರು ಎತ್ತಿತೋರಿಸುತ್ತಾರೆ. ನಮ್ಮ ಪುರಾಣದಲ್ಲಿ ದುಡಿಮೆ ಶಿಕ್ಷೆಯೂ ಅಲ್ಲ, ವರವೂ ಅಲ್ಲ. ಕಾಲ ಬದಲಾದುದರಿಂದ ಬಂದ ಆವಶ್ಯಕತೆ, ಕರುಣೆಯಿಂದ ಕಲಿಸಿದ ವಿದ್ಯೆ. ಶ್ರಾವಕನು ತನ್ನ ವೃತ್ತಿಯ ವಿಷಯದಲ್ಲಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಅದರಲ್ಲಿ ಹಿಂಸೆ ಎಷ್ಟು ಎಂಬುದು. ಕ್ರೈಸ್ತನು ಕೇಳಿಕೊಳ್ಳಬೇಕಾದುದು ಇದು ಯಾರಿಗೆ ಉಪಕಾರ ಎಂಬುದು. ಪ್ರಶ್ನೆ ಬೇರೆಯಾದರೂ ಉತ್ತರ ಕೆಲವೊಮ್ಮೆ ಒಂದೇ ಆಗುವುದುಂಟು. ಅಂಥ ಒಂದು ಸಂದರ್ಭವೇ ಈ ಕಥೆಯ ನಡುವಣ ಕೊಂಡಿ.

ಕೋಲಾರದ ಮಿಷನ್ನು ಎದುರಿಸಿದ ಸಮಸ್ಯೆ ಹೊಸದಾಗಿರಲಿಲ್ಲ. ಬರಕ್ಕೆ ನಾಲ್ಕು ದಶಕ ಮೊದಲೇ ಪಡುವಣ ಕಡಲಂಚಿನಲ್ಲಿ ಅದು ಕಾಣಿಸಿಕೊಂಡಿತ್ತು. ಅಲ್ಲಿ ಕಸುಬಿನಿಂದ ಬೇರ್ಪಡಿಸಿದ್ದು ಹಸಿವಲ್ಲ, ಧರ್ಮವೇ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ನಿನ ಮೂವರು, ಸಾಮುವೆಲ್ ಹೆಬಿಕ್, ಕ್ರಿಶ್ಚಿಯನ್ ಗ್ರೈನರ್ ಮತ್ತು ಜೋಹಾನ್ ಲೇನರ್, 1834ರಲ್ಲಿ ಮಂಗಳೂರಿಗೆ ಬಂದರು. ಈ ಮಿಷನ್ನಿಗೆ ಆಳುಗಳು ಹೆಚ್ಚಾಗಿ ದೊರೆತದ್ದು ನೆರೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕುಶಲಕರ್ಮಿಗಳ ಮನೆಗಳಿಂದ. ಬಾಸೆಲ್ಲಿನ ಅವರ ವಿದ್ಯಾಲಯದಲ್ಲಿ ಗ್ರೀಕ್ ಹೀಬ್ರೂಗಳ ಜೊತೆಗೆ ಕೈಕೆಲಸವೂ ಇತ್ತು. ಲೂಥರನ ‘ಬೆರೂಫ್’ ಅವರಿಗೆ ಗ್ರಂಥದ ವಿಚಾರವಾಗಿರಲಿಲ್ಲ, ಮನೆಯ ವಾತಾವರಣವಾಗಿತ್ತು.

ತುಳುನಾಡಿನಲ್ಲಿ ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ತೆಂಗು ತಾಳೆಗಳಿಂದ ಶೇಂದಿ ಇಳಿಸುವುದು ಬಿಲ್ಲವರಲ್ಲಿ ಬಹುಮಂದಿಯ ಕಸುಬು. ಉಳಿದಂತೆ ಗೇಣಿ ಒಕ್ಕಲುತನ. ದೀಕ್ಷೆ ಪಡೆದವನು ಶೇಂದಿಯ ಕಸುಬನ್ನು ಬಿಡಬೇಕೆಂದು ಮಿಷನ್ನು ವಿಧಿಸಿತು, ಏಕೆಂದರೆ ಕುಡಿತವನ್ನು ಬೆಳೆಸುವ ಕಸುಬು ನೆರೆಯವನಿಗೆ ಉಪಕಾರವಲ್ಲ. ಮದ್ಯತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಮೊದಲಿಗೆ ಎಣಿಸುವ ಜೈನ ಶ್ರಾವಕಾಚಾರವೂ ಈ ತೀರ್ಪನ್ನು ಒಪ್ಪುತ್ತದೆ. ಆದರೆ ಲೂಥರನ ಬೋಧನೆಯ ಒಳಗೇ ಇಲ್ಲೊಂದು ತೊಡಕಿತ್ತು. ಪ್ರತಿಯೊಬ್ಬನೂ ತಾನು ಕರೆಯಲ್ಪಟ್ಟಾಗ ಯಾವ ಸ್ಥಿತಿಯಲ್ಲಿದ್ದನೋ ಅದರಲ್ಲಿಯೇ ನೆಲೆಸಲಿ ಎಂಬ ಪೌಲನ ಮಾತನ್ನು ಹಿಡಿದು ಲೂಥರನು, ಕ್ರೈಸ್ತನಾಗುವುದಕ್ಕಾಗಿ ಯಾರೂ ಕಸುಬನ್ನು ಬಿಡಬೇಕಾಗಿಲ್ಲವೆಂದು ತಿಳಿಸಿದ್ದನು. ವುರ್ಟೆಂಬರ್ಗಿನ ನೇಕಾರನಿಗೆ ಅದು ನೆಮ್ಮದಿಯ ಮಾತು. ಅದೇ ಮಾತನ್ನು ಮಂಗಳೂರಿನಲ್ಲಿ ಹಾಗೆಯೇ ಹೇಳಿದರೆ ಅದು ಜಾತಿಧರ್ಮದ ಸಮರ್ಥನೆಯಂತೆ ಕೇಳಿಸುತ್ತಿತ್ತು. ಯುರೋಪಿನಲ್ಲಿ ಕಸುಬನ್ನು ಪಾವನಗೊಳಿಸಿದ ತತ್ತ್ವ ಇಲ್ಲಿ ಕಸುಬನ್ನು ಕಿತ್ತುಕೊಳ್ಳಬೇಕಾಯಿತು. ಈ ವಿರೋಧಾಭಾಸವನ್ನು ಮಿಷನ್ನಿನ ಚರಿತ್ರಕಾರರು ಹೆಚ್ಚಾಗಿ ಚರ್ಚಿಸದಿರುವುದು ಸೋಜಿಗ. ಆ ಮಿಷನ್ನಿನ ಮುಂದಿನ ಉದ್ಯಮವೆಲ್ಲ ಇದರಿಂದಲೇ ಮೊಳೆತದ್ದು.

ಕಸುಬು ಬಿಟ್ಟವನು ಗೇಣಿಯನ್ನೂ ಕಳೆದುಕೊಳ್ಳುವ ಭಯವಿತ್ತು; ಧಣಿಯ ಕೋಪಕ್ಕೆ ಗುರಿಯಾದವನಿಗೆ ಹೊಲವಿಲ್ಲ. ಅಳಿಯಸಂತಾನದ ಕುಟುಂಬದಿಂದ ಹೊರಬಿದ್ದವನಿಗೆ ಪಾಲೂ ಇಲ್ಲ. ಮಿಷನ್ನಿನ ಆವರಣದಲ್ಲಿ ಅವನಿಗೆ ಅನ್ನ ಹಾಕಬಹುದು. ಆದರೆ ಹಾಗೆ ಅನ್ನ ತಿನ್ನುವವನನ್ನು ಊರು ‘ಅನ್ನಕ್ಕಾಗಿ ಜಾತಿ ಕೆಟ್ಟವನು’ ಎನ್ನುತ್ತದೆ, ಪಾದ್ರಿಗೂ ಒಳಗೊಳಗೆ ಅದೇ ಅನುಮಾನ. ಮೊದಲಿಗೆ ವ್ಯವಸಾಯದ ಪ್ರಯೋಗಗಳು ನಡೆದವು, ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. 1851-52ರಲ್ಲಿ ಮಿಷನ್ನಿನ ಮುಖ್ಯಾಧಿಕಾರಿ ಜೋಸೆಫ್ ಯೋಸೆನ್‌ಹಾನ್ಸ್ ಸ್ವತಃ ಭಾರತಕ್ಕೆ ಬಂದು ಸುತ್ತಿನೋಡಿದ ನಂತರ ಕೈಗಾರಿಕೆಗೆ ಕ್ರಮವಾದ ರೂಪ ಬಂದಿತು.

1851ರಲ್ಲಿ ಬಂದ ಜಾನ್ ಹಾಲರ್ ಮೂಲತಃ ನೇಕಾರ. ಕೈಯಿಂದ ಲಾಳಿ ಎಸೆಯುವ ನಾಡಮಗ್ಗದ ಬದಲು ಹಾರುಲಾಳಿಯ ಮಗ್ಗವನ್ನು ಅವನು ಮಂಗಳೂರಿನಲ್ಲಿ ಹೂಡಿದನು, ಬಣ್ಣದ ಮನೆಯನ್ನು ಕಟ್ಟಿದನು. ಖಾಕಿ ಬಣ್ಣವನ್ನು ಕಂಡುಹಿಡಿದವನು ಅವನೇ ಎಂಬ ಮಾತು ಕರಾವಳಿಯಲ್ಲಿ ಹೆಮ್ಮೆಯಿಂದ ಚಲಾವಣೆಯಲ್ಲಿದೆ. ಪಂಜಾಬಿನ ಗಡಿಯಲ್ಲಿ ಬ್ರಿಟಿಷರ ಗೈಡ್ಸ್ ಪಡೆ 1840ರ ದಶಕದ ಕೊನೆಗೇ ಧೂಳಿನ ಬಣ್ಣದ ಉಡುಪು ತೊಟ್ಟಿತ್ತು, ಹೆಸರೂ ‘ಖಾಕ್’ ಎಂಬ ಪಾರಸಿ ಮಾತಿನಿಂದ ಬಂದುದು. ಆದುದರಿಂದ ಹಾಲರನ ಹೆಗ್ಗಳಿಕೆಯನ್ನು ಗಟ್ಟಿಯಾಗಿ ಕೂರುವ ಬಣ್ಣದ ತಯಾರಿಕೆಗೆ ಸೀಮಿತಗೊಳಿಸುವುದು ಲೇಸು. ಶಾಂತಿಯ ಸುವಾರ್ತೆ ಸಾರಲು ಬಂದವರ ಬಣ್ಣದ ಮನೆಗೆ ಸೈನಿಕರ ಉಡುಪಿನ ಕೀರ್ತಿ ಅಂಟಿಕೊಂಡಿತೆಂಬುದು ಬೇರೆಯೇ ವಿಷಯ.

ಹೆಂಚಿನ ಕಥೆ ಇನ್ನೂ ಸ್ವಾರಸ್ಯಕರ. ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು. ಯುರೋಪಿಗೆ ಮರಳಿದಾಗ ಅವನು ಮಣ್ಣಿನ ಸಾಮಾನಿನ ಕೆಲಸವನ್ನು ಕಲಿತುಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಮಣ್ಣು ಅರೆಯುವ ಯಂತ್ರವನ್ನು ತಿರುಗಿಸುತ್ತಿದ್ದುದು ಒಂದು ಜೋಡಿ ಎತ್ತು. ದಿನದ ಉತ್ಪತ್ತಿ 560 ಹೆಂಚು. ನಾಡಹೆಂಚು ಕುಂಬಾರನ ತಿಗರಿಯಿಂದ ಬಂದ ಅರೆಕೊಳವೆ. ಅದನ್ನು ಒಂದರ ಮೇಲೊಂದು ಕವಿಚಿ ಹಾಸಬೇಕು, ಕೋತಿ ಹಾರಿದರೆ ಸರಿಯುತ್ತದೆ, ವರ್ಷವರ್ಷವೂ ಕೈಯಾಡಿಸಬೇಕು. ಪ್ಲೆಬ್ಸ್ಟನ ಹೆಂಚು ಚಪ್ಪಟೆ. ಅದರ ಅಂಚಿನ ಗಾಡಿಗಳು ಪಕ್ಕದ ಹೆಂಚಿನ ಗಾಡಿಗಳಿಗೆ ಕಚ್ಚಿಕೊಳ್ಳುತ್ತವೆ, ಬೆನ್ನಿನ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಮಳೆಗಾಲಕ್ಕೆ ಇದಕ್ಕಿಂತ ತಕ್ಕ ಹೊದಿಕೆ ಬೇರೊಂದಿರಲಿಲ್ಲ. 1881ರಲ್ಲಿ ಎತ್ತಿನ ಜಾಗಕ್ಕೆ ಉಗಿಯಂತ್ರ ಬಂದಿತು. ಮರುವರ್ಷ ಕುದ್ರೋಳಿಯಲ್ಲಿ, ಆ ಬಳಿಕ ಮಲ್ಪೆಯಲ್ಲಿ ಮತ್ತು ಮಲಬಾರಿನಲ್ಲಿ ಹೊಸ ಕಾರ್ಖಾನೆಗಳು ಎದ್ದವು.

ನೆರೆಯವನಿಗೆ ಉಪಕಾರವಾಗುವುದೇ ಸಾರ್ಥಕ ದುಡಿಮೆಯೆಂಬ ತತ್ತ್ವಕ್ಕೆ ಹೆಂಚಿಗಿಂತ ಒಳ್ಳೆಯ ನಿದರ್ಶನವನ್ನು ಹುಡುಕುವುದು ಕಷ್ಟ. ಮಣ್ಣು ತುಳಿದವನಿಗೂ ಅಚ್ಚು ಒತ್ತಿದವನಿಗೂ ಹೊತ್ತು ಸಾಗಿಸಿದ ಹೆಂಗಸಿಗೂ ತಮ್ಮ ಶ್ರಮ ಯಾರ ತಲೆಯ ಮೇಲಿನ ಮಳೆಯನ್ನು ತಡೆಯುತ್ತಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು. ಶೇಂದಿ ಇಳಿಸುವವನ ಮಗ, ಮೀನುಗಾರನ ಮಗ, ಮೇಲುಕುಲವೆನಿಸಿದ ಮನೆಯಿಂದ ಬಂದವನು ಒಂದೇ ಚಾವಣಿಯ ಕೆಳಗೆ ಒಂದೇ ಮಣ್ಣನ್ನು ಮುಟ್ಟಿದರು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸವಿತ್ತು. ಇಲ್ಲಿ ಒಂದು ಮಾತು: ಜೈನ ಗೃಹಸ್ಥನಿಗೆ ಈ ಉದ್ಯಮ ಒಲ್ಲದ್ದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಮೊದಲಾದ ಗ್ರಂಥಗಳು ಎಣಿಸುವ ಹದಿನೈದು ಕರ್ಮಾದಾನಗಳಲ್ಲಿ ಮೊದಲನೆಯದು ಅಂಗಾರಕರ್ಮ. ಇದ್ದಿಲು ಸುಡುವುದು, ಇಟ್ಟಿಗೆ ಮಡಕೆಗಳ ಆವಿಗೆ ಹಾಕುವುದು ಅದರಲ್ಲಿ ಸೇರುತ್ತವೆ. ಶೇಂದಿಯ ವಿಷಯದಲ್ಲಿ ಒಂದಾಗಿದ್ದ ಎರಡು ಧರ್ಮಗಳು ಹೆಂಚಿನ ಗೂಡಿನ ಮುಂದೆ ಬೇರೆಯಾಗುತ್ತವೆ. ಒಂದು ಸೂರಿನ ಆಸರೆಯನ್ನು ನೋಡಿತು, ಇನ್ನೊಂದು ಬೆಂಕಿಯಲ್ಲಿ ಸಾಯುವ ಜೀವರಾಶಿಯನ್ನು. ಹಾಗೆಂದು ತುಳುನಾಡಿನ ಜೈನರ ಮನೆಗಳು ಮಂಗಳೂರು ಹೆಂಚನ್ನು ಹೊದೆಯದೆ ಉಳಿಯಲಿಲ್ಲ.

ಇಷ್ಟು ಹೊಗಳಿದ ಮೇಲೆ ಕಾರ್ಖಾನೆಯ ಇನ್ನೊಂದು ಮುಖವನ್ನೂ ನೋಡಬೇಕು. ಬೆಳಗಿನ ಕೆಲಸ ಪ್ರಾರ್ಥನೆಯೊಂದಿಗೆ ಆರಂಭವಾಗುತ್ತಿತ್ತು, ಭಾನುವಾರ ಬಿಡುವು, ಕಾಯಿಲೆ ಬಿದ್ದವರಿಗೆ ನೆರವಿನ ನಿಧಿ, ವಸತಿಗೆ ಸಹಾಯ. ಅಂದಿನ ಹಿಂದೂಸ್ಥಾನದ ಕಾರ್ಖಾನೆಗಳಲ್ಲಿ ಇವು ಅಪರೂಪ. ಆದರೆ ಕೂಲಿ ಕೊಡುವವನೂ ಪಾಪ ಕ್ಷಮೆಯ ಮಾತಾಡುವವನೂ ಒಂದೇ ಮಿಷನ್ನಿನವರಾದಾಗ ಕೆಲಸಗಾರನ ಪಾಡೇನು? ತಡವಾಗಿ ಬಂದದ್ದು ಕಾರ್ಖಾನೆಯಲ್ಲಿ ತಪ್ಪು; ಸಭೆಯಲ್ಲಿ ಅದು ಸೋಮಾರಿತನವೆಂಬ ಪಾಪ. ಕುಡಿದು ಸಿಕ್ಕಿಬಿದ್ದವನಿಗೆ ಸಭೆಯ ಶಿಸ್ತು ಒಂದು ಕಡೆ, ಕೂಲಿಯ ಚಿಂತೆ ಇನ್ನೊಂದು ಕಡೆ. ಗಡಿಯಾರದ ಗಂಟೆಗೂ ದೇವರ ಕರೆಗೂ ನಡುವಣ ಭೇದ ಅವನ ಕಿವಿಗೆ ಎಷ್ಟು ತಿಳಿಯುತ್ತಿತ್ತು? ಕಸುಬನ್ನು ಕರೆಯೆಂದು ತಿಳಿಯುವ ಧರ್ಮದಿಂದ ಬಂಡವಾಳದ ಶಿಸ್ತು ಹೇಗೆ ಹುಟ್ಟಿತೆಂಬುದನ್ನು ಮ್ಯಾಕ್ಸ್ ವೇಬರ್ 1904-05ರಲ್ಲಿ ಯುರೋಪನ್ನು ಮುಂದಿಟ್ಟುಕೊಂಡು ವಿವೇಚಿಸಿದನು. ಅವನ ವಾದಕ್ಕೆ ಜೆಪ್ಪುವಿನ ಗೂಡುಗಳೂ ಒಳ್ಳೆಯ ಸಾಮಗ್ರಿಯಾಗುತ್ತಿದ್ದವು. 1859ರಲ್ಲಿ ಹುಟ್ಟಿದ ಮಿಷನ್ ಟ್ರೇಡಿಂಗ್ ಕಂಪನಿ ಲಾಭವನ್ನು ಧರ್ಮಕಾರ್ಯಕ್ಕೆ ಹರಿಸಿದರೂ ಲಾಭವನ್ನು ಲೆಕ್ಕ ಹಾಕದೆ ಇರಲಿಲ್ಲ. ಸುವಾರ್ತೆ ಸಾರುವ ಸಂಘ ವ್ಯಾಪಾರ ಮಾಡಬಹುದೇ ಎಂಬ ಚರ್ಚೆ ಮಿಷನ್ನಿನ ಒಳಗೂ ಇತ್ತು.

ಮಿಷನ್ನಿನ ಪರವಾಗಿ ಒಂದನ್ನು ಒಪ್ಪಬೇಕು: ಅದು ಕಲಿಸಿದ ಕೆಲಸ ಗೋಡೆಯೊಳಗೇ ಉಳಿಯಲಿಲ್ಲ. 1868ರಲ್ಲೇ ಮಂಗಳೂರಿನ ಕ್ಯಾಥೊಲಿಕ್ ಮನೆತನವಾದ ಆಲ್ಬುಕರ್ಕ್ ಅವರ ಹೆಂಚಿನ ಕಾರ್ಖಾನೆ ಆರಂಭವಾಯಿತು, ಮುಂದೆ ಬೇರೆ ಬೇರೆ ಸಮುದಾಯದವರೂ ಈ ಉದ್ಯಮಕ್ಕೆ ಇಳಿದರು. ಕೆಲಸ ಬಲ್ಲವನಿಗೆ ಈಗ ಎರಡನೆಯ ಬಾಗಿಲಿತ್ತು. ಪಾದ್ರಿಯ ಮಾತನ್ನು ಒಪ್ಪಿದರೂ ಒಪ್ಪದಿದ್ದರೂ ಅವನ ಕೈಯ ಕಸುಬು ಅವನದೇ ಆಗಿತ್ತು. ಕೋಲಾರದ ನೇಗಿಲಿನ ಹುಡುಗರಿಗೂ ಈ ಮಾತು ಸಲ್ಲುತ್ತದೆ. ಅದೇ ಜಿಲ್ಲೆಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಳನ್ನು ತೋಡತೊಡಗಿತ್ತು. ಅಲ್ಲಿನ ಸುರಂಗಗಳಿಗೆ ಇಳಿದವರಲ್ಲಿಯೂ ಕ್ರೈಸ್ತರು ಅನೇಕರಿದ್ದರು. ಅವರ ದುಡಿಮೆಯ ಉದ್ದೇಶವನ್ನು ಲಂಡನ್ನಿನ ಷೇರುದಾರರು ತೀರ್ಮಾನಿಸಿದ್ದರು. ಅದಕ್ಕೆ ತತ್ತ್ವದ ಹೊದಿಕೆಯನ್ನು ಯಾರೂ ಹುಡುಕಲಿಲ್ಲ.

ಕೂಲಿಗಾರನ ಮಾತು ಹಾಗಿರಲಿ. ಕರೆ ಮತ್ತು ಕಸುಬುಗಳ ಇಕ್ಕಟ್ಟು ಪಾದ್ರಿಯನ್ನೂ ಬಿಡಲಿಲ್ಲ ಎಂಬುದಕ್ಕೆ ಕನ್ನಡಿಗರಿಗೆ ಚಿರಪರಿಚಿತನಾದ ಒಬ್ಬನ ಬಾಳೇ ಸಾಕ್ಷಿ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದದ್ದು ಉಪದೇಶಕನಾಗಿ. ಕನ್ನಡದ ಬೆನ್ನು ಹತ್ತಿದ ಅವನಿಗೆ ಉಪದೇಶದ ಗಳಿಗೆಗಳು ಕಡಿಮೆಯಾಗತೊಡಗಿದವು. ಏಸುವಿನ ಚರಿತ್ರೆಯನ್ನು ದೇಸೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಹೊರತಂದದ್ದೇನೋ ಮಿಷನ್ನಿಗೆ ಅರ್ಥವಾಗುವ ಕೆಲಸ. ಕೇಶಿರಾಜನ ಶಬ್ದಮಣಿದರ್ಪಣದ ಪಾಠವನ್ನು ಹಸ್ತಪ್ರತಿಗಳಿಂದ ಕೂಡಿಸುವುದು ಎಷ್ಟು ಜನರನ್ನು ಕ್ರಿಸ್ತನೆಡೆಗೆ ತರುತ್ತದೆ? ಆತ್ಮಗಳ ಲೆಕ್ಕ ಕೇಳುವವರಿಗೆ ಅವನಲ್ಲಿ ಉತ್ತರವಿರಲಿಲ್ಲ. ಅವನ ಮೇಲಿನವರಲ್ಲಿ ಹಲವರಿಗೆ ಅವನು ದಾರಿ ತಪ್ಪಿದ ಪಾದ್ರಿಯಾಗಿ ಕಂಡನು. ಅವನು ನಿಲ್ಲಲಿಲ್ಲ. 1872ರಲ್ಲಿ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದವು. ಅನಾರೋಗ್ಯದ ನಡುವೆ ಜರ್ಮನಿಗೆ ಹೋಗಿದ್ದವನು ನಿಘಂಟಿಗಾಗಿ 1883ರಲ್ಲಿ ಮತ್ತೆ ಬಂದಿದ್ದನು.

ಕೇಶಿರಾಜನು ಹದಿಮೂರನೆಯ ಶತಮಾನದ ಜೈನ ವೈಯಾಕರಣ, ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನ ಮಗ. ನಾಗವರ್ಮನು ಗಂಗರ ಆಶ್ರಯದಲ್ಲಿ ಬೆಳೆದ, ಅಜಿತಸೇನಾಚಾರ್ಯರ ಶಿಷ್ಯನೆನಿಸಿದ ಕವಿ. ಕುವಳಾಲಪುರದ ಬಿರುದು ಹೊತ್ತ ಅರಸುಮನೆತನದ ಕಾಲದ ವಿದ್ಯೆ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದ ಮೂಲಕ ಹೊಸಗಾಲಕ್ಕೆ ದಾಟಿತು. ಅಲ್ಲಿ ಮೊಳೆ ಜೋಡಿಸಿದ ಕೈಗಳು ಬಹುಪಾಲು ಹೊಸ ಕ್ರೈಸ್ತ ಸಮುದಾಯದ ತರುಣರವು. ಬಸದಿಗಳ ಓಲೆಗರಿಯಲ್ಲಿ ಮಲಗಿದ್ದ ಕಂದಪದ್ಯಗಳನ್ನು, ಅಕ್ಷರದ ಹಕ್ಕನ್ನೇ ಪಡೆಯದಿದ್ದ ಮನೆಗಳ ಮಕ್ಕಳು ಸೀಸದ ಅಚ್ಚಿನಲ್ಲಿ ತಿರುಗುಮುರುಗಾಗಿ ಓದಿ ಜೋಡಿಸಿದರು. ಆದಿದೇವನ ಷಟ್ಕರ್ಮಗಳಲ್ಲಿ ಇದನ್ನು ಮಸಿಯೆನ್ನಬೇಕೋ ಶಿಲ್ಪವೆನ್ನಬೇಕೋ ಹೇಳುವುದು ಕಷ್ಟ. ಜೈನ ಸಾಹಿತ್ಯದ ಪುನರುಜ್ಜೀವನದ ಇತಿಹಾಸ ಬರೆಯುವವರು ಕಿಟೆಲ್ಲನ ಹೆಸರನ್ನು ಮರೆಯುವುದಿಲ್ಲ. ಮೊಳೆ ಜೋಡಿಸಿದವರ ಹೆಸರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ತನ್ನ ಹೆಸರು ಉಳಿಯದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದೇ ಕರೆಗೆ ಓಗೊಡುವುದೆಂದು ಅವರಿಗೆ ಬೋಧಿಸಿದ್ದರು. ಆ ಬೋಧನೆಯಿಂದ ಹೆಚ್ಚು ಅನುಕೂಲವಾದದ್ದು ಯಾರಿಗೆಂದು ಕೇಳಬಹುದು. ಮೊಳೆಯ ಕೆಲಸ ಮಾತ್ರ ಶುದ್ಧವಾಗಿದೆ.

ಮೊದಲನೆಯ ಮಹಾಯುದ್ಧ ಈ ವ್ಯವಸ್ಥೆಯನ್ನು ಒಮ್ಮೆಲೇ ಕದಡಿತು. ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳುಹಿಸಿತು. ಕಾರ್ಖಾನೆಗಳು ಶತ್ರುವಿನ ಆಸ್ತಿಯೆಂದು ಎಣಿಸಲ್ಪಟ್ಟು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಸಂದವು. ‘ದೇವರು ನಿನ್ನನ್ನು ಈ ಕೆಲಸಕ್ಕೆ ಕರೆದಿದ್ದಾನೆ’ ಎಂದು ಎಂಬತ್ತು ವರ್ಷ ಹೇಳುತ್ತ ಬಂದವರು ಒಂದು ಬೆಳಗ್ಗೆ ಅಲ್ಲಿರಲಿಲ್ಲ. ಮಾಲಿಕರ ಹೆಸರು ಬದಲಾಯಿತು. ನೇತ್ರಾವತಿಯ ದೋಣಿಗಳು ಮಣ್ಣನ್ನು ತಂದು ಸುರಿಯುತ್ತಲೇ ಇದ್ದವು, ಗೂಡುಗಳು ಉರಿಯುತ್ತಲೇ ಇದ್ದವು. ಕೋಲಾರದಲ್ಲಿ ಅಮೆರಿಕದವರ ಮಿಷನ್ನಿಗೆ ಈ ಗಂಡಾಂತರ ತಟ್ಟಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಇ.ಟಿ.ಸಿ.ಎಂ. ಎಂಬ ಅಡಕ ಹೆಸರಿನಲ್ಲಿ ಸುತ್ತಲಿನ ಹಳ್ಳಿಗಳವರಿಗೆ ಪರಿಚಿತವಾಯಿತು. ಹೆರಿಗೆಗೆಂದು ಗಾಡಿ ಕಟ್ಟಿಕೊಂಡು ಬಂದ ಹೆಂಗಸರು ಅಲ್ಲಿನ ದಾದಿಯ ಕುಲವನ್ನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.